ಹಳೇ ಮನೆಯಲ್ಲಿ ಬ್ರಿಟಿಷರ ಕಾಲದ ಕೋವಿ ಸಿಕ್ಕಿದೆಯೇ? ಅಸಲಿಯೋ ನಕಲಿಯೋ, ಯಾವ ಕಾಲದ್ದು ಎಂದು ಗುರುತಿಸುವುದು ಹೀಗೆ

ಮುಂಬೈ: ಗಿರ್‌ಗಾಂವ್, ಪರೇಲ್, ಲಾಲ್‌ಬಾಗ್ ಕಡೆಯ ಹಳೇ ಚಾಳ್‌ಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಹಿತ್ತಾಳೆ ಪಾತ್ರೆ, ಕೀಲಿ ಕೊಡುವ ಗಡಿಯಾರಗಳ ಜೊತೆಗೆ ಒಮ್ಮೊಮ್ಮೆ ಗೋಣಿಯಲ್ಲಿ ಸುತ್ತಿಟ್ಟ ಉದ್ದನೆಯ ಕೋವಿಯೂ ಇಳಿಯುವುದುಂಟು. 'ಇದು 1857ರ ದಂಗೆಯದ್ದು' ಎಂದು ಮನೆಯ ಹಿರಿಯರು ಹೇಳುತ್ತಾರೆ. 'ಲಕ್ಷಗಟ್ಟಲೆ ಬಾಳುತ್ತೆ' ಎಂದು ಪಕ್ಕದ ಮನೆಯವರು ಹೇಳುತ್ತಾರೆ. 'ಗುಜರಿಗೆ ಹಾಕಿ' ಎನ್ನುವವರೂ ಇರುತ್ತಾರೆ.

ಈ ಮೂರರಲ್ಲಿ ಯಾವುದನ್ನೂ ನಂಬುವ ಮೊದಲು ತಿಳಿಯಬೇಕಾದ ಸಂಗತಿಗಳು ಮೂರು. ಕೋವಿಯೊಳಗೆ ಮದ್ದು ಇದೆಯೇ? ಅದು ನಿಜಕ್ಕೂ 19ನೇ ಶತಮಾನದ್ದೇ? ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆಯೇ? ಒಂದೊಂದಾಗಿ ನೋಡೋಣ.

ಮೊದಲು ಸುರಕ್ಷತೆ

ಹಳೇ ಕೋವಿಗಳಲ್ಲಿ ಹೆಚ್ಚಿನವಕ್ಕೆ ನಳಿಕೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬುತ್ತಿದ್ದರು. ತುಂಬಿದ ಮೇಲೆ ಹಾರಿಸದೆ ಹಾಗೇ ಬಿಟ್ಟ ಕೋವಿಗಳು ಇವತ್ತಿಗೂ ಸಿಗುತ್ತವೆ. ಒಣಗಿದ ಕರಿಮದ್ದು ನೂರು ವರ್ಷ ಕಳೆದರೂ ಕಿಡಿ ತಾಗಿದರೆ ಸಿಡಿಯಬಲ್ಲದು. ಹಾಗಾಗಿ ಕೈಗೆ ಸಿಕ್ಕ ಪ್ರತಿ ಹಳೇ ಕೋವಿಯೂ ತುಂಬಿದ ಕೋವಿ ಎಂದೇ ತಿಳಿಯಿರಿ.

ನಳಿಕೆಯ ಬಾಯಿ ಯಾರ ಕಡೆಗೂ ತಿರುಗದಂತೆ ಇಟ್ಟು, ತೆಳುವಾದ ಮರದ ಕೋಲನ್ನು ನಿಧಾನಕ್ಕೆ ಒಳಗೆ ಬಿಡಿ. ಕಬ್ಬಿಣದ ಸರಳು ಬೇಡ, ಕಿಡಿ ಹಾರಬಹುದು. ಕೋಲು ಎಷ್ಟು ಒಳಗೆ ಹೋಯಿತೆಂದು ಗುರುತು ಮಾಡಿ, ಹೊರಗೆ ನಳಿಕೆಯ ಉದ್ದಕ್ಕೆ ಹಿಡಿದು ನೋಡಿ. ಬುಡದಲ್ಲಿರುವ ಕಿಡಿ ರಂಧ್ರದವರೆಗೂ ಅದು ಹೋಗಿದ್ದರೆ ನಳಿಕೆ ಬಹುತೇಕ ಖಾಲಿ. ನಾಲ್ಕೈದು ಸೆಂಟಿಮೀಟರ್ ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ ಎಂದರ್ಥ. ಆಗ ಕೆದಕುವುದು, ನೀರು ಹಾಕುವುದು, ಕಾಯಿಸುವುದು ಯಾವುದೂ ಬೇಡ. ಕೋವಿಯನ್ನು ಅಲ್ಲೇ ಬಿಟ್ಟು 112ಕ್ಕೆ ಕರೆ ಮಾಡಿ. ಕುದುರೆಯ ಕೆಳಗಿನ ಮೊಳೆಯ ಮೇಲೆ ತಾಮ್ರದ ಪುಟ್ಟ ಟೋಪಿಯಂಥದ್ದು ಕೂತಿದ್ದರೆ ಅದನ್ನೂ ಮುಟ್ಟಬೇಡಿ.

ಮಸ್ಕೆಟ್ ಬೇರೆ, ರೈಫಲ್ ಬೇರೆ

ನಳಿಕೆಯ ಒಳಮೈ ನಯವಾಗಿದ್ದರೆ ಅದು ಮಸ್ಕೆಟ್. ಒಳಗೆ ಸುರುಳಿ ಗೆರೆಗಳಿದ್ದರೆ ರೈಫಲ್. ಈ ಗೆರೆಗಳು ಗುಂಡನ್ನು ತಿರುಗಿಸುತ್ತಾ ಕಳಿಸುವುದರಿಂದ ಗುರಿ ನಿಖರವಾಗುತ್ತದೆ. ಬೆರಳನ್ನು ಬಾಯಿಯೊಳಗೆ ಇಟ್ಟು ಪರೀಕ್ಷಿಸುವ ಬದಲು, ಖಾಲಿ ಎಂದು ಖಚಿತವಾದ ಮೇಲೆ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಗೆರೆಗಳು ಕಾಣುತ್ತವೆ.

ಕಿಡಿ ಹೊತ್ತಿಸುವ ವಿಧಾನವೇ ದೊಡ್ಡ ಸುಳಿವು

ಕೋವಿಯ ಬಲಬದಿಯ ಕಬ್ಬಿಣದ ತಗಡನ್ನು ಲಾಕ್ ಎನ್ನುತ್ತಾರೆ. ಕಾಲವನ್ನು ಅಂದಾಜು ಮಾಡಲು ಮೊದಲು ನೋಡಬೇಕಾದದ್ದು ಇದನ್ನೇ.

* ಬತ್ತಿ ಕೋವಿ: ಉರಿಯುವ ಹಗ್ಗದ ಬತ್ತಿಯನ್ನು ಮದ್ದಿಗೆ ತಾಗಿಸುವ ವ್ಯವಸ್ಥೆ. ನಮ್ಮ ಪಾಳೆಯಗಾರರು, ದೇಸಾಯಿಗಳ ಕಡೆ ಹೆಚ್ಚಾಗಿ ಇದ್ದದ್ದು ಇದು. ಕಂಪನಿ ಪಡೆಯ ಕೋವಿ ಅಲ್ಲ.
* ಚಕಮಕಿ ಕೋವಿ: ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು. ಅದು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿಸುತ್ತದೆ. ಸೇನೆಯಲ್ಲಿ 1840ರ ದಶಕದವರೆಗೆ ಬಳಕೆಯಲ್ಲಿತ್ತು.
* ಕೇಪಿನ ಕೋವಿ: ಕಲ್ಲಿನ ಬದಲು ತಾಮ್ರದ ಪುಟ್ಟ ಕೇಪು. ಮಲೆನಾಡು, ಕೊಡಗಿನ ಓದುಗರಿಗೆ ಈ ಹೆಸರು ಹೊಸದಲ್ಲ. 1840ರ ದಶಕದಿಂದ ಸೇನೆಗೆ ಬಂತು.
* ಹಿಂದಿನಿಂದ ತೋಟೆ ತುಂಬುವ ಕೋವಿ: 1866ರ ಸ್ನೈಡರ್, ನಂತರ 1871ರ ಮಾರ್ಟಿನಿ ಹೆನ್ರಿ. ಸ್ನೈಡರ್‌ನಲ್ಲಿ ನಳಿಕೆಯ ಬುಡದ ತುಂಡು ಬಲಕ್ಕೆ ತೆರೆದುಕೊಳ್ಳುತ್ತದೆ. ಮಾರ್ಟಿನಿಯಲ್ಲಿ ಹೊರಗೆ ಕುದುರೆಯೇ ಕಾಣುವುದಿಲ್ಲ, ಕೆಳಗೆ ಉದ್ದನೆಯ ಹಿಡಿ ಇರುತ್ತದೆ.

ಒಂದು ಎಚ್ಚರಿಕೆ. ಹಳೇ ಚಕಮಕಿ ಕೋವಿಗಳನ್ನೇ ಕೇಪಿಗೆ ಬದಲಾಯಿಸಿದ ಉದಾಹರಣೆಗಳು ಬಹಳ. ಲಾಕ್ ತಗಡಿನಲ್ಲಿ ಮುಚ್ಚಿದ ಹಳೇ ತೂತುಗಳಿದ್ದರೆ ಅದು ಇಂಥ ಬದಲಾವಣೆಯ ಗುರುತು.

ಸಿಂಹವೋ ಕಿರೀಟವೋ?

ಲಾಕ್ ತಗಡಿನ ಮೇಲಿನ ಮುದ್ರೆ ಕೋವಿಯ ಜಾತಕ ಇದ್ದಂತೆ. ನಾಲ್ಕು ಭಾಗ ಮಾಡಿದ ಹೃದಯದ ಆಕಾರ, ಅದರೊಳಗೆ ಅಕ್ಷರಗಳಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಹಳೇ ಗುರುತು. ಸುಮಾರು 1808ರ ನಂತರ ಅದರ ಜಾಗಕ್ಕೆ ಮುಂಗಾಲೆತ್ತಿ ನಿಂತ, ಕಿರೀಟ ಹಿಡಿದ ಸಿಂಹ ಬಂತು. 1858ರಲ್ಲಿ ಕಂಪನಿ ಆಡಳಿತವೇ ಮುಗಿದದ್ದರಿಂದ ಸಿಂಹದ ಕೋವಿ ಅದಕ್ಕಿಂತ ಹಿಂದಿನದು.

ಬ್ರಿಟಿಷ್ ಸರ್ಕಾರದ ಕೋವಿಗಳಲ್ಲಿ ಕಿರೀಟ, ಅದರ ಕೆಳಗೆ ರಾಜ ಅಥವಾ ರಾಣಿಯ ಹೆಸರಿನ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. 'ಜಿ ಆರ್' ಎಂದಿದ್ದರೆ ಜಾರ್ಜ್ ದೊರೆಗಳ ಕಾಲ, ಅಂದರೆ 1830ರವರೆಗೆ. 'ಡಬ್ಲ್ಯೂ ಆರ್' ಎಂದಿದ್ದರೆ ನಾಲ್ಕನೇ ವಿಲಿಯಂ, 1830ರಿಂದ 1837. 'ವಿ ಆರ್' ಎಂದಿದ್ದರೆ ವಿಕ್ಟೋರಿಯಾ ರಾಣಿ, 1837ರಿಂದ 1901. ಮುಂಭಾಗದಲ್ಲಿ 'ಟವರ್' ಅಥವಾ 'ಎನ್‌ಫೀಲ್ಡ್' ಎಂಬ ಪದ ಇರಬಹುದು. ಎನ್‌ಫೀಲ್ಡ್ ಎಂಬುದು ಸರ್ಕಾರಿ ಕಾರ್ಖಾನೆ. ಟವರ್ ಎಂದಿರುವ ಎನ್‌ಫೀಲ್ಡ್ ಮಾದರಿಗಳು ಖಾಸಗಿ ಗುತ್ತಿಗೆದಾರರು ತಯಾರಿಸಿದವು.

ಬಾಣದ ಗುರುತಿನ ಜೊತೆ 'ಬಿ ಓ' ಎಂದಿದ್ದರೆ 1855ಕ್ಕೂ ಹಿಂದಿನದು, 'ಡಬ್ಲ್ಯೂ ಡಿ' ಎಂದಿದ್ದರೆ ಆ ನಂತರದ್ದು. ನಳಿಕೆಯ ಮೇಲೆ ಅಂಡಾಕಾರದೊಳಗೆ 'ಇ ಎಲ್ ಜಿ' ಎಂದಿದ್ದರೆ ಕೋವಿಯ ನಳಿಕೆ ಬೆಲ್ಜಿಯಂನ ಲೀಜ್ ನಗರದಲ್ಲಿ ಪರೀಕ್ಷೆಯಾದದ್ದು.

ಅಳತೆ ಪಟ್ಟಿ ತೆಗೆದುಕೊಳ್ಳಿ

ಭಾರತದಲ್ಲಿ ಹೆಚ್ಚು ಓಡಾಡಿದ್ದು 'ಇಂಡಿಯಾ ಪ್ಯಾಟರ್ನ್' ಮಸ್ಕೆಟ್. ಬ್ರೌನ್ ಬೆಸ್ ಎಂಬ ಅಡ್ಡಹೆಸರಿನ ಕುಟುಂಬಕ್ಕೆ ಸೇರಿದ್ದು. ಮೊದಲು ಇದನ್ನು ರೂಢಿಗೆ ತಂದದ್ದು ಈಸ್ಟ್ ಇಂಡಿಯಾ ಕಂಪನಿ. ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಕೋವಿಗಳ ಕೊರತೆ ಬಿದ್ದಾಗ ಬ್ರಿಟಿಷ್ ಸರ್ಕಾರ ಕಂಪನಿಯ ದಾಸ್ತಾನು ಕೊಂಡು, 1797ರಲ್ಲಿ ಇದೇ ಮಾದರಿಯನ್ನು ತನ್ನದಾಗಿಸಿಕೊಂಡಿತು.

ಇದರ ನಳಿಕೆ 39 ಇಂಚು, ಅಂದರೆ 99 ಸೆಂಟಿಮೀಟರ್. ಬಾಯಿಯ ಒಳ ಅಳತೆ ಸುಮಾರು 19 ಮಿಲಿಮೀಟರ್. ಹಿಂದಿನ ಮಾದರಿಗಳ ನಳಿಕೆ 42 ಅಥವಾ 46 ಇಂಚು ಇತ್ತು. ನಳಿಕೆಯ ಕೆಳಗೆ ಮದ್ದು ಜಡಿಯುವ ಸರಳು ಸಿಕ್ಕಿಸುವ ಹಿತ್ತಾಳೆ ಕೊಳವೆಗಳು ಮೂರು. ನಳಿಕೆಯನ್ನು ಮರಕ್ಕೆ ಹಿಡಿದಿಡುವುದು ಅಡ್ಡ ಮೊಳೆಗಳು, ಪಟ್ಟಿಗಳಲ್ಲ. 1809ಕ್ಕೂ ಮುಂಚಿನ ಕುದುರೆಯ ಕತ್ತು ಹಂಸದ ಕೊರಳಿನಂತೆ ಬಾಗಿರುತ್ತದೆ. ಆ ನಂತರದ್ದರಲ್ಲಿ ಕತ್ತಿನ ನಡುವೆ ಉಂಗುರದಂಥ ರಂಧ್ರ ಇದ್ದು ಹೆಚ್ಚು ಗಟ್ಟಿಯಾಗಿರುತ್ತದೆ.

1853ರ ಎನ್‌ಫೀಲ್ಡ್ ರೈಫಲ್ ಗುರುತಿಸುವುದು ಸುಲಭ. ನಳಿಕೆ ಇದರಲ್ಲೂ 39 ಇಂಚು. ಆದರೆ ಬಾಯಿಯ ಅಳತೆ 14.7 ಮಿಲಿಮೀಟರ್ ಮಾತ್ರ. ನಳಿಕೆಯನ್ನು ಮೂರು ಕಬ್ಬಿಣದ ಪಟ್ಟಿಗಳು ಬಿಗಿದಿರುತ್ತವೆ. ಒಳಗೆ ಮೂರು ಸುರುಳಿ ಗೆರೆ. ಹಿಂಭಾಗದಲ್ಲಿ ಮೇಲೆತ್ತಬಹುದಾದ ಏಣಿಯಂಥ ಗುರಿಪಟ್ಟಿ. ಕೊಬ್ಬು ಸವರಿದ ತೋಟೆಯ ವಿವಾದದಿಂದ 1857ರ ಇತಿಹಾಸಕ್ಕೆ ಸೇರಿದ್ದು ಇದೇ ಕೋವಿಯ ತೋಟೆ.

ಮೂರು ಪಟ್ಟಿ ಇದೆ, ಒಳಗೆ ಗೆರೆ ಇಲ್ಲ! ಯಾಕೆ?

ಇಲ್ಲೇ ಹಲವರು ಎಡವುವುದು. ನೋಡಲು ಥೇಟ್ ಎನ್‌ಫೀಲ್ಡ್, ಆದರೆ ನಳಿಕೆಯ ಒಳಗೆ ನಯ, ಬಾಯಿ ಸ್ವಲ್ಪ ಅಗಲ, ಗುರಿಪಟ್ಟಿ ಮೇಲೇಳುವುದಿಲ್ಲ. 'ನಕಲಿ' ಎಂದು ಬದಿಗಿಡಬೇಡಿ. 1857ರ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆಂದೇ 1858 ಮತ್ತು 1859ರ ಮಾದರಿಗಳನ್ನು ಮಾಡಿದರು. ಬಾಯಿಯ ಅಳತೆ ಸುಮಾರು 16.6 ಮಿಲಿಮೀಟರ್, ಒಳಗೆ ಗೆರೆ ಇಲ್ಲ, ದೂರದ ಗುರಿಯೂ ಇಲ್ಲ. ಬ್ರಿಟಿಷ್ ಸೈನಿಕನ ಕೈಯಲ್ಲಿ ಹೊಸ ರೈಫಲ್, ಪಕ್ಕದಲ್ಲೇ ನಿಂತ ಸಿಪಾಯಿಯ ಕೈಯಲ್ಲಿ ಬೇಕೆಂದೇ ಕೆಳದರ್ಜೆಗೆ ಇಳಿಸಿದ ಮಸ್ಕೆಟ್. ಮುಂದೆಯೂ ಬ್ರಿಟಿಷರಿಗೆ ಮಾರ್ಟಿನಿ ಬಂದಾಗ ಭಾರತೀಯರ ಕೈಗೆ ಸಿಕ್ಕಿದ್ದು ಸ್ನೈಡರ್. ಆಳುವವರ ಅಪನಂಬಿಕೆ ನಳಿಕೆಯ ಒಳಮೈಯಲ್ಲೇ ದಾಖಲಾಗಿದೆ.

ಮುಂಬೈಗೂ ಈ ಕಥೆಗೂ ನಂಟಿದೆ. 1857ರ ಅಕ್ಟೋಬರ್ 15ರಂದು ಸೈಯದ್ ಹುಸೇನ್, ಮಂಗಲ್ ಗಡಿಯಾ ಎಂಬ ಇಬ್ಬರು ಸಿಪಾಯಿಗಳನ್ನು ಇಂದಿನ ಆಜಾದ್ ಮೈದಾನದ ಜಾಗದಲ್ಲಿ ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಾಯಿತು. ಅದರ ಮರುತಿಂಗಳೇ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣ ಕಾಯ್ದೆಯಡಿ ಆಯುಧ ಒಪ್ಪಿಸಲು ನಿರಾಕರಿಸಿ ದಂಗೆ ಎದ್ದರು. ಹಳ್ಳಿಮನೆಗಳ ಹಳೇ ಕೋವಿಗಳು ಎಷ್ಟು ಅಪರೂಪ ಎಂಬುದಕ್ಕೆ ಆ ಕಾಯ್ದೆಯೂ ಒಂದು ಕಾರಣ.

ಚೋರ್ ಬಜಾರ್‌ಗೆ ಹೋಗುವವರಿಗೆ

ಮಟನ್ ಸ್ಟ್ರೀಟ್‌ನ ಆಂಟಿಕ್ ಅಂಗಡಿಗಳಲ್ಲಿ, ಆನ್‌ಲೈನ್ ಜಾಹೀರಾತುಗಳಲ್ಲಿ 'ಅಸಲಿ ಕಂಪನಿ ಬಂದೂಕು' ಎಂದರೆ ತಕ್ಷಣ ದುಡ್ಡು ಬಿಚ್ಚಬೇಡಿ. ಈ ಅಂಶಗಳನ್ನು ನೋಡಿ:

1. ರಾಜಮುದ್ರೆ ಮತ್ತು ಇಸವಿ ತಾಳೆಯಾಗುತ್ತವೆಯೇ? 'ವಿ ಆರ್' ಎಂದು ಬರೆದು 1820 ಎಂದಿದ್ದರೆ ಅದು ಸುಳ್ಳು.
2. ಅಕ್ಷರಗಳು ನೇರವಾಗಿವೆಯೇ? ತಿರುಗಿಬಿದ್ದ ಅಕ್ಷರ, ತಪ್ಪು ಕಾಗುಣಿತ ಗಡಿನಾಡಿನ ಕೈತಯಾರಿಕೆಯ ಲಕ್ಷಣ.
3. ಕಿಡಿ ರಂಧ್ರ ಇದೆಯೇ? ಅಲಂಕಾರಕ್ಕೆ ಮಾಡಿದ ಇತ್ತೀಚಿನ ಪ್ರತಿಕೃತಿಗಳಲ್ಲಿ ಎಷ್ಟೋ ಸಲ ಅದು ಕೊರೆದೇ ಇರುವುದಿಲ್ಲ.
4. ಮೈತುಂಬ ಹಿತ್ತಾಳೆ ಕುಸುರಿ ಇದೆಯೇ? ಸಿಪಾಯಿಯ ಕೋವಿ ಸರಳವಾಗಿರುತ್ತಿತ್ತು.
5. ಸವೆತ ಸಹಜವೇ? ಕೈ ತಾಗುವ ಕಡೆ, ಕಿಡಿ ಹಾರುವ ಕಡೆ ಹೆಚ್ಚು ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ತುಕ್ಕು ಇದ್ದರೆ ಅನುಮಾನಿಸಿ.

ಇನ್ನೊಂದು ಮಾತು: ಮರಳು ಕಾಗದ ಹಾಕಿ ಉಜ್ಜಬೇಡಿ. ಮುದ್ರೆ ಅಳಿಸಿದರೆ ಕೋವಿಯ ಗುರುತೇ ಹೋಯಿತು. ಮುಂಬೈನ ಮಳೆಗಾಲದ ತೇವಕ್ಕೆ ಒಣ ಬಟ್ಟೆಯಿಂದ ಒರೆಸಿ, ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಹಚ್ಚಿದರೆ ಸಾಕು.

'ಆಂಟಿಕ್' ಎಂದರೆ ಲೈಸೆನ್ಸ್ ಬೇಡವೇ?

ಇದೇ ಅತಿ ದೊಡ್ಡ ತಪ್ಪು ತಿಳಿವಳಿಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 45(ಸಿ) ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಒಂದು ಷರತ್ತಿದೆ: ರಿಪೇರಿ ಮಾಡಿದರೂ, ಮಾಡದಿದ್ದರೂ ಅದರಿಂದ ಗುಂಡು ಹಾರಿಸಲು ಆಗಬಾರದು. 170 ವರ್ಷ ಹಳೆಯದಾದರೂ ಸರಿಪಡಿಸಿ ಹಾರಿಸಬಹುದಾದ ಕೋವಿಗೆ ಲೈಸೆನ್ಸ್ ಬೇಕು. ವಯಸ್ಸೊಂದೇ ರಕ್ಷಣೆಯಲ್ಲ. 2019ರ ತಿದ್ದುಪಡಿಯ ಬಳಿಕ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ.

ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೊಡಗಿನಲ್ಲಿ ಇರುವ ವಿನಾಯಿತಿ ಬೇರೆ ವಿಷಯ. ಅದನ್ನೇ ನಂಬಿ ಊರಿನ ಕೋವಿಯನ್ನು ಮುಂಬೈ ಫ್ಲಾಟ್‌ಗೆ ತರುವ ಮೊದಲು ಪರವಾನಗಿ ಅಧಿಕಾರಿಗಳಲ್ಲಿ ಲಿಖಿತವಾಗಿ ವಿಚಾರಿಸುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕು?

* ಸಿಕ್ಕ ಜಾಗದಲ್ಲೇ ಫೋಟೋ ತೆಗೆಯಿರಿ. ಲಾಕ್ ತಗಡು, ನಳಿಕೆಯ ಮುದ್ರೆ, ಪೂರ್ತಿ ಉದ್ದ ಮೂರೂ ಇರಲಿ.
* ಹತ್ತಿರದ ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಲಾಬಾದಿಂದ ದಹಿಸರ್, ಮುಲುಂಡ್‌ವರೆಗೆ ಮುಂಬೈ ಪೊಲೀಸ್ ಆಯುಕ್ತರ ವ್ಯಾಪ್ತಿ. ಠಾಣೆ, ನವಿ ಮುಂಬೈ, ಮೀರಾ ಭಾಯಂದರ್ ಹಾಗೂ ವಸಾಯಿ ವಿರಾರ್‌ಗೆ ಪ್ರತ್ಯೇಕ ಆಯುಕ್ತಾಲಯಗಳಿವೆ.
* ಕೋವಿಯನ್ನು ನೀವೇ ಟ್ಯಾಕ್ಸಿ, ಲೋಕಲ್ ರೈಲಿನಲ್ಲಿ ಹೊತ್ತೊಯ್ಯಬೇಡಿ. ಪೊಲೀಸರು ಹೇಳಿದಂತೆ ಮಾಡಿ.
* ಅಜ್ಜ ಅಥವಾ ಅಪ್ಪನ ಹೆಸರಿನ ಹಳೇ ಲೈಸೆನ್ಸ್ ಇದ್ದರೆ ಜೋಪಾನ ಮಾಡಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ಅವಕಾಶ ಇದೆ.
* ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆ ಬಿಡಿ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ರಫ್ತು ಮಾಡುವುದಕ್ಕೆ 1972ರ ಕಾಯ್ದೆಯಲ್ಲಿ ನಿಷೇಧವಿದೆ.

ಕೋವಿಗಳನ್ನು ನೋಡುವ ಆಸಕ್ತಿ ಇದ್ದವರಿಗೆ ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಶಸ್ತ್ರಾಸ್ತ್ರಗಳ ವಿಭಾಗವೇ ಇದೆ. ಮನೆಯಲ್ಲಿ ಸಿಕ್ಕಿದ್ದನ್ನು ಕದ್ದುಮುಚ್ಚಿ ಮಾರಿದರೆ ಕೈಗೆ ಬರುವುದು ಒಂದಿಷ್ಟು ದುಡ್ಡು, ಜೊತೆಗೆ ಕೇಸಿನ ಭಯ. ದಾಖಲೆ ಸಮೇತ ಒಪ್ಪಿಸಿದರೆ ಅದು ಯಾವ ಸಿಪಾಯಿಯ ಹೆಗಲ ಮೇಲಿತ್ತು, ನಿಮ್ಮ ಮನೆಗೆ ಹೇಗೆ ಬಂತು ಎಂಬ ಕಥೆಯಾದರೂ ಉಳಿಯುತ್ತದೆ. ಅಟ್ಟ ಖಾಲಿ ಮಾಡುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.