ಕಡಲ ತೈಲ ವೇದಿಕೆಗಳಿಗೆ ಹೆಲಿಕಾಪ್ಟರ್ ಇಳಿಕೆ

ಕಡಲಿನೊಳಗೆ ತೈಲ ಮತ್ತು ಅನಿಲ ತೆಗೆಯಲು ನಿಲ್ಲಿಸಿದ ವೇದಿಕೆಗಳ ಮೇಲಿನ ಇಳಿದಾಣಕ್ಕೆ, ಅಂದರೆ ಹೆಲಿಡೆಕ್‌ಗೆ, ಹೆಲಿಕಾಪ್ಟರನ್ನು ಸುರಕ್ಷಿತವಾಗಿ ತರುವ ವಿಧಾನ. ವಿಮಾನ ನಿಲ್ದಾಣದ ಓಡುದಾರಿಯ ಸುತ್ತ ತೆರವಾದ ಬಯಲಿರುತ್ತದೆ. ಕಡಲ ವೇದಿಕೆಯಲ್ಲಾದರೋ ಇಳಿಯಬೇಕಾದ ಜಾಗದ ಪಕ್ಕದಲ್ಲೇ ಕ್ರೇನು, ಕೊರೆಗೋಪುರ ಮತ್ತು ಹೊಗೆಕೊಳವೆಗಳು ನಿಂತಿರುವುದರಿಂದ, ಸೇರಬೇಕಾದ ಗುರಿಯೇ ತಪ್ಪಿಸಿಕೊಳ್ಳಬೇಕಾದ ಅಡ್ಡಿಯೂ ಆಗಿರುತ್ತದೆ. ಈ ವಿಧಾನದ ನಿಯಮಗಳೆಲ್ಲ ಈ ಇಕ್ಕಟ್ಟಿನಿಂದಲೇ ಹುಟ್ಟಿವೆ.

1947ರಲ್ಲಿ ಅಮೆರಿಕದ ಲೂಸಿಯಾನ ತೀರದಾಚೆ, ದಡ ಕಾಣದಷ್ಟು ದೂರದಲ್ಲಿ, ಮೆಕ್ಸಿಕೋ ಕೊಲ್ಲಿಯ ತೈಲಬಾವಿಯೊಂದು ಫಲ ಕೊಟ್ಟ ಮೇಲೆ, ಕೆಲಸಗಾರರನ್ನು ಸಾಗಿಸುವ ಹೊಣೆ ಕ್ರಮೇಣ ದೋಣಿಗಳ ಜೊತೆಗೆ ಹೆಲಿಕಾಪ್ಟರುಗಳಿಗೂ ಬಂದಿತು. ಉತ್ತರ ಸಮುದ್ರದಲ್ಲಿ 1969ರಲ್ಲಿ ಎಕೋಫಿಸ್ಕ್, 1970ರಲ್ಲಿ ಫೋರ್ಟೀಸ್, 1971ರಲ್ಲಿ ಬ್ರೆಂಟ್ ನಿಕ್ಷೇಪಗಳು ದೊರೆತಾಗ ಹಾರಾಟದ ದೂರ ಹೆಚ್ಚಿತಲ್ಲದೆ, ಮಂಜು, ತಗ್ಗಿನ ಮೋಡ ಮತ್ತು ಚಳಿಗಾಲದ ದೀರ್ಘ ರಾತ್ರಿಗಳ ನಡುವೆ ಕಣ್ಣಂದಾಜನ್ನೇ ನಂಬಿ ಇಳಿಯುವುದು ಅಸಾಧ್ಯವಾಯಿತು.

ಈ ಕೊರತೆಯನ್ನು ತುಂಬಿದ್ದು ರೇಡಾರ್ ಸಮೀಪನ. ಮಳೆಮೋಡಗಳನ್ನು ಗುರುತಿಸಲೆಂದು ಹೆಲಿಕಾಪ್ಟರಿನ ಮೂತಿಯಲ್ಲಿ ಅಳವಡಿಸಿದ ಹವಾಮಾನ ರೇಡಾರಿನ ತೆರೆಯಲ್ಲಿ ಉಕ್ಕಿನ ವೇದಿಕೆಯೂ ಚುಕ್ಕೆಯಾಗಿ ಮೂಡುತ್ತದೆ. ಒಬ್ಬ ಪೈಲಟ್ ಅದನ್ನು ನೋಡುತ್ತ ದಿಕ್ಕು ಹೇಳಿದರೆ, ಇನ್ನೊಬ್ಬ ಉಪಕರಣಗಳ ಆಧಾರದಿಂದ ಹಾರಿಸುತ್ತಾನೆ. ಐರೋಪ್ಯ ನಿಯಮಗಳ ಪ್ರಕಾರ ಇಂಥ ಸಮೀಪನದಲ್ಲಿ ಹಗಲು 200 ಅಡಿ, ರಾತ್ರಿ 300 ಅಡಿಗಿಂತ ಕೆಳಗಿಳಿಯುವಂತಿಲ್ಲ, ವೇದಿಕೆಗೆ 0.75 ನಾಟಿಕಲ್ ಮೈಲಿ, ಅಂದರೆ ಸುಮಾರು 1.4 ಕಿಲೋಮೀಟರ್ ದೂರವಿರುವಾಗ ಅದು ಕಣ್ಣಿಗೆ ಬೀಳದಿದ್ದರೆ ಪಕ್ಕಕ್ಕೆ ತಿರುಗಿ ಮೇಲೇರಲೇಬೇಕು.

ಇಳಿದಾಣದ ರಚನೆಗೂ ನಿಯಮಗಳು ಬಂದವು. ಬ್ರಿಟನ್‌ನ ನಾಗರಿಕ ವಿಮಾನಯಾನ ಪ್ರಾಧಿಕಾರವು 1981ರಲ್ಲಿ ಮೊದಲು ಹೊರತಂದ ಸಿಎಪಿ 437 ಎಂಬ ಕೈಪಿಡಿ ಇವುಗಳಲ್ಲಿ ಪ್ರಮುಖವಾದುದು. ತಿರುಗುವ ರೆಕ್ಕೆಗಳೂ ಸೇರಿದಂತೆ ಹೆಲಿಕಾಪ್ಟರಿನ ಒಟ್ಟು ಉದ್ದಕ್ಕೆ ‘ಡಿ ಮೌಲ್ಯ’ವೆಂದು ಹೆಸರು, ಈ ಅಳತೆಗೆ ಅನುಗುಣವಾಗಿ ಇಳಿದಾಣದ ಗಾತ್ರವನ್ನು ನಿರ್ಧರಿಸಿ, ಅದರ ಸುತ್ತಲಿನ 210 ಡಿಗ್ರಿಯಷ್ಟು ವಲಯವನ್ನು ಅಡ್ಡಿಯಿಲ್ಲದೆ ತೆರವಾಗಿಡಲಾಗುತ್ತದೆ. ವೇದಿಕೆಯ ಟರ್ಬೈನುಗಳು ಉಗುಳುವ ಬಿಸಿಗಾಳಿ ಎಂಜಿನ್ನಿನ ಶಕ್ತಿಯನ್ನೂ ರೆಕ್ಕೆಗಳ ಎತ್ತುಬಲವನ್ನೂ ತಗ್ಗಿಸುವುದರಿಂದ, ಗಾಳಿಯ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರುವ ಸ್ಥಿತಿಯನ್ನೂ ಗಮನಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಆದರೂ ಉಪಕರಣಗಳಿಂದ ಕಣ್ಣಿನ ನೋಟಕ್ಕೆ ಬದಲಾಗುವ ಕೊನೆಯ ಹಂತವೇ ಅಪಾಯದ ತಾಣವಾಗಿ ಉಳಿಯಿತು. 2006ರ ಡಿಸೆಂಬರ್ 27ರ ರಾತ್ರಿ ಮೋರ್ಕಾಂಬ್ ಕೊಲ್ಲಿಯ ವೇದಿಕೆಯೊಂದನ್ನು ಸಮೀಪಿಸುತ್ತಿದ್ದ ಹೆಲಿಕಾಪ್ಟರಿನಲ್ಲಿದ್ದ ಏಳು ಜನರೂ ಅಸುನೀಗಿದರು. 2009ರ ಫೆಬ್ರವರಿಯಲ್ಲಿ ಇಟ್ಯಾಪ್ ವೇದಿಕೆಯ ಬಳಿ, ಕತ್ತಲು ಮತ್ತು ಮಂಜಿನಲ್ಲಿ ಎತ್ತರದ ಅಂದಾಜು ತಪ್ಪಿ ಇನ್ನೊಂದು ಹೆಲಿಕಾಪ್ಟರ್ ನೀರಿಗಿಳಿಯಿತಾದರೂ ಅದರಲ್ಲಿದ್ದ 18 ಮಂದಿಯೂ ಬದುಕುಳಿದರು. ದಿಗಂತ ಕಾಣದ ಕತ್ತಲಲ್ಲಿ ದೀಪಗಳ ಒಂದೇ ಗುಂಪನ್ನು ದಿಟ್ಟಿಸುವ ಪೈಲಟ್‌ಗೆ ತಾನಿರುವ ಎತ್ತರ ಸರಿಯಾಗಿ ತಿಳಿಯದೆಂಬುದನ್ನು ಇಂಥ ರಾತ್ರಿಯ ಅಪಘಾತಗಳು ತೋರಿಸಿಕೊಟ್ಟವು.

ಪರಿಣಾಮವಾಗಿ ಇಳಿದಾಣದ ಅಂಚಿಗೆ ಹಸಿರು ದೀಪಗಳು, ಇಳಿಯುವ ವೃತ್ತಕ್ಕೆ ಹಳದಿ ದೀಪಗಳು, ನಡುವಿನ ‘ಎಚ್’ ಗುರುತಿಗೆ ಹಸಿರು ಬೆಳಕು ಬಂದವು. ಉಪಗ್ರಹ ಆಧಾರಿತ ಸ್ಥಾನನಿರ್ಣಯವನ್ನು ಸ್ವಯಂಚಾಲಿತ ಹಾರಾಟ ವ್ಯವಸ್ಥೆಗೆ ಜೋಡಿಸಿ ಹೆಲಿಕಾಪ್ಟರನ್ನು ವೇದಿಕೆಯ ಹತ್ತಿರದವರೆಗೆ ತರುವ ವಿಧಾನಗಳು 2010ರ ದಶಕದಲ್ಲಿ ಬಳಕೆಗೆ ಬರತೊಡಗಿದವು.

ಭಾರತದಲ್ಲಿ ಈ ಸೇವೆಯ ಮುಖ್ಯ ಕ್ಷೇತ್ರ, ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ. 1974ರಲ್ಲಿ ಪತ್ತೆಯಾದ ಈ ನಿಕ್ಷೇಪದಲ್ಲಿ 1976ರಿಂದ ಉತ್ಪಾದನೆ ನಡೆದಿದ್ದು, ಅಲ್ಲಿಯ ಹಾರಾಟಗಳ ಅಗತ್ಯವನ್ನು ಪೂರೈಸುವುದು 1985ರಲ್ಲಿ ಸ್ಥಾಪನೆಯಾದ ಪವನ್ ಹಂಸ್ ಸಂಸ್ಥೆಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. 2022ರ ಜೂನ್ 28ರಂದು ಇಲ್ಲಿಯ ಸಾಗರ್ ಕಿರಣ್ ರಿಗ್‌ನ ಬಳಿ ಹೆಲಿಕಾಪ್ಟರೊಂದು ಕಡಲಿಗಿಳಿದಾಗ ಅದರಲ್ಲಿದ್ದ ಒಂಬತ್ತು ಮಂದಿಯಲ್ಲಿ ನಾಲ್ವರು ಮೃತಪಟ್ಟರು.