ಹೊಸ ಚಿಪ್ಪನ್ನು ತೂಗಿ ನೋಡುವ ಬಗೆ: ಸಂಕೇತ ಸಂಸ್ಕಾರಕಗಳ ಮೊದಲ ವರ್ಷಗಳು, ೧೯೭೮–೧೯೮೫

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರ ಪಕ್ಷದಿಂದ ಬರೆಯುತ್ತಾರೆ. ಯಾವುದು ಮೊದಲು ಹುಟ್ಟಿತು, ಯಾರು ಕಲ್ಪಿಸಿದರು, ಎಷ್ಟು ವೇಗವಾಗಿ ಓಡಿತು ಎಂಬ ವಿಚಾರಗಳೇ ಅಲ್ಲಿ ಪ್ರಧಾನ. ಆ ಯಂತ್ರವನ್ನು ಕೈಗೆತ್ತಿಕೊಂಡು, ಇದನ್ನು ನಂಬಿ ತನ್ನ ಉಪಕರಣವನ್ನು ಕಟ್ಟಬಹುದೆ ಎಂದು ಯೋಚಿಸಿದವನ ಕಥೆ ವಿರಳವಾಗಿ ದೊರೆಯುತ್ತದೆ. ಸಂಕೇತ ಸಂಸ್ಕಾರಕ, ಅಂದರೆ ಸಿಗ್ನಲ್ ಪ್ರೊಸೆಸರ್, ಎಂಬ ಬಗೆಯ ಚಿಪ್ಪುಗಳ ಆದಿಕಾಲವನ್ನು ಈ ಎರಡನೆಯವನ ಕಣ್ಣಿನಿಂದ ನೋಡುವುದು ಪ್ರಕೃತ ಪ್ರಬಂಧದ ಉದ್ದೇಶ. ಆತನ ಪಾಲಿಗೆ ಆಯ್ಕೆ ಎಂಬುದು ಹಗುರವಾದ ಸಂಗತಿಯಾಗಿರಲಿಲ್ಲ. ಒಂದು ಚಿಪ್ಪಿಗಾಗಿ ಅದರ ಯಂತ್ರಭಾಷೆಯಲ್ಲಿ ಬರೆದ ಪ್ರೋಗ್ರಾಮು ಮತ್ತೊಂದರಲ್ಲಿ ನಡೆಯುತ್ತಿರಲಿಲ್ಲ. ಫಲಕದ ಮೇಲಿನ ತಂತಿಯ ಹಾದಿಗಳೂ ಆ ಒಂದಕ್ಕೆ ಮಾತ್ರ ಹೊಂದುತ್ತಿದ್ದವು. ಆಯ್ಕೆ ತಪ್ಪಿದರೆ ವರ್ಷಗಳ ದುಡಿಮೆ ವ್ಯರ್ಥ. ಇಂಥ ತುಲನೆಯನ್ನೇ ವೃತ್ತಿಯಾಗಿಸಿಕೊಂಡ ಬಿ.ಡಿ.ಟಿ.ಐ. ಸಂಸ್ಥೆ ಅಮೆರಿಕದಲ್ಲಿ ಸ್ಥಾಪಿತವಾದದ್ದು ೧೯೯೧ರಲ್ಲಿ. ಅದಕ್ಕೆ ಹಿಂದಿನವರು ಮಾಹಿತಿ ಪತ್ರವನ್ನೂ ಕಾಗದ ಪೆನ್ಸಿಲನ್ನೂ ಮುಂದಿಟ್ಟುಕೊಂಡು ತಾವೇ ಲೆಕ್ಕ ಹಾಕಬೇಕಾಗಿತ್ತು.

ಆ ಲೆಕ್ಕದ ಮೂಲ ದೂರವಾಣಿಯಲ್ಲಿದೆ. ದೂರವಾಣಿಯ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವಾಗ ಸೆಕೆಂಡಿಗೆ ೮೦೦೦ ಮಾದರಿಗಳನ್ನು ತೆಗೆಯುತ್ತಾರೆ. ಒಂದು ಮಾದರಿಗೂ ಮುಂದಿನದಕ್ಕೂ ನಡುವೆ ಇರುವ ಅವಕಾಶ ೧೨೫ ಮೈಕ್ರೊಸೆಕೆಂಡು. ಒಂದು ಮಾದರಿಯ ಮೇಲೆ ಮಾಡಬೇಕಾದ ಕೆಲಸವೆಲ್ಲವೂ ಆ ಅವಧಿಯೊಳಗೆ ಮುಗಿಯಬೇಕು. ಸಾಲ ಮಾಡಿ ಮುಂದೂಡುವಂತಿಲ್ಲ. ಕೆಲಸದ ಸ್ವರೂಪವಾದರೂ ಸರಳವೇ: ಹಿಂದಿನ ಮಾದರಿಗಳನ್ನು ಒಂದೊಂದು ಗುಣಾಂಕದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸುತ್ತ ಹೋಗುವುದು. ಆದರೆ ೧೯೭೮ರಲ್ಲಿ ಬಂದ ಇಂಟೆಲ್ ೮೦೮೬ರಂಥ ಸಾಮಾನ್ಯ ಮೈಕ್ರೊಪ್ರೊಸೆಸರು ೧೬ ಬಿಟ್ಟುಗಳ ಒಂದು ಗುಣಾಕಾರಕ್ಕೆ ೧೧೮ಕ್ಕೂ ಕಡಿಮೆಯಿಲ್ಲದಷ್ಟು ಗಡಿಯಾರದ ಮಿಡಿತಗಳನ್ನು ತೆಗೆದುಕೊಳ್ಳುತ್ತಿತ್ತು. ೫ ಮೆಗಾಹರ್ಟ್ಸ್ ಗಡಿಯಾರದಲ್ಲಿ ಅದು ಸುಮಾರು ೨೪ ಮೈಕ್ರೊಸೆಕೆಂಡು. ಬೇರೆ ಯಾವ ಕೆಲಸವನ್ನೂ ಮಾಡದಿದ್ದರೂ ಮಾದರಿಯೊಂದಕ್ಕೆ ಐದು ಗುಣಾಕಾರಗಳಲ್ಲಿ ಅದರ ಶಕ್ತಿ ಮುಗಿಯಿತು. ಉಪಯುಕ್ತವಾದ ಫಿಲ್ಟರಿಗೆ ಹತ್ತಾರು ಗುಣಾಕಾರಗಳು ಬೇಕು. ಆದ್ದರಿಂದಲೇ ಇದಕ್ಕೆಂದು ವಿಶೇಷವಾದ ಚಿಪ್ಪುಗಳು ಅವಶ್ಯಕವಾದವು.

ಮೊದಲು ಪ್ರಕಟವಾದದ್ದು ಅಮೆರಿಕನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯ ಎಸ್ ೨೮೧೧, ೧೯೭೮ರಲ್ಲಿ. ಒಂದೇ ಆದೇಶದಲ್ಲಿ ಗುಣಿಸಿ ಕೂಡಿಸುವ ಶಕ್ತಿ ಅದಕ್ಕಿತ್ತು. ಆದರೆ ಅಲ್ಲಿಯವರೆಗೆ ಬೃಹತ್ ಪ್ರಮಾಣದಲ್ಲಿ ಬಳಕೆಯಾಗದಿದ್ದ ವಿ-ಮಾಸ್ ತಯಾರಿಕಾ ವಿಧಾನವನ್ನು ಅದು ಆಶ್ರಯಿಸಿತ್ತು. ಮಾರುಕಟ್ಟೆಯಲ್ಲಿ ಅದು ನೆಲೆಯೂರಲಿಲ್ಲ. ಬೆಲ್ ಪ್ರಯೋಗಾಲಯದವರು ೧೯೭೯ರಲ್ಲಿ ಸಿದ್ಧಪಡಿಸಿದ ಡಿ.ಎಸ್.ಪಿ.-೧ ಬಹು ಸಮರ್ಥವಾದ ಚಿಪ್ಪು. ಅದು ಬೆಲ್ ವ್ಯವಸ್ಥೆಯ ಸ್ವಂತ ಉಪಯೋಗಕ್ಕೆ ಮೀಸಲಾಗಿದ್ದರಿಂದ ಹೊರಗಿನವರು ಅದನ್ನು ತೂಗಿ ನೋಡುವ ಪ್ರಶ್ನೆಯೇ ಏಳಲಿಲ್ಲ.

೧೯೭೯ರಲ್ಲಿಯೇ ಹೊರಬಂದ ಇಂಟೆಲ್ ೨೯೨೦ ವಿವರವಾದ ಪರಿಶೀಲನೆಗೆ ಯೋಗ್ಯವಾದದ್ದು. ಅದರ ನಿರ್ಮಾಪಕರಲ್ಲಿ ಒಬ್ಬರಾದ ಟೆಡ್ ಹಾಫ್ ೧೯೭೧ರ ಇಂಟೆಲ್ ೪೦೦೪ ಮೈಕ್ರೊಪ್ರೊಸೆಸರಿನ ಕಲ್ಪನೆಯಲ್ಲಿಯೂ ಪಾಲುಗೊಂಡಿದ್ದವರು. ಧ್ವನಿಯ ವಿದ್ಯುತ್ ತರಂಗವನ್ನು ಅಂಕಿಯಾಗಿಸುವ ಹಾಗೂ ಅಂಕಿಯನ್ನು ಮತ್ತೆ ತರಂಗವಾಗಿಸುವ ಪರಿವರ್ತಕಗಳು ಈ ಚಿಪ್ಪಿನ ಒಳಗೇ ಇದ್ದವು. ಒಂದು ಬದಿಯಿಂದ ತರಂಗ ಒಳಹೊಕ್ಕು ಇನ್ನೊಂದು ಬದಿಯಿಂದ ಸಂಸ್ಕೃತವಾಗಿ ಹೊರಬೀಳುವ ಈ ಏರ್ಪಾಡು ನೋಡುವವರ ಮನಸ್ಸನ್ನು ಸೆಳೆಯುವಂಥದು. ಪ್ರೋಗ್ರಾಮನ್ನು ಇಡಲು ೧೯೨ ಆದೇಶಗಳಷ್ಟು ಸ್ಥಳವಿದ್ದ ಇಪ್ರಾಮ್ ಇದ್ದುದರಿಂದ, ಬರೆದು ನೋಡಿ, ಅಳಿಸಿ, ತಿದ್ದಿ ಬರೆಯಬಹುದಾಗಿತ್ತು. ೨೫ ಬಿಟ್ಟುಗಳ ೪೦ ಪದಗಳು ಅದರ ತಾತ್ಕಾಲಿಕ ಸ್ಮೃತಿ. ಪ್ರೋಗ್ರಾಮಿನಲ್ಲಿ ಹಿಂದೆ ಮುಂದೆ ಜಿಗಿಯುವ ಆದೇಶಗಳಿರಲಿಲ್ಲ. ಮೊದಲಿಂದ ಕೊನೆಯವರೆಗೆ ಓಡಿ ಮತ್ತೆ ಮೊದಲಿಗೆ ಬರುವುದೇ ಅದರ ಕ್ರಮ. ಇದನ್ನು ದೋಷವೆಂದು ನಾವು ಎಣಿಸುವುದಿಲ್ಲ. ಒಂದು ಸುತ್ತಿಗೆ ಹಿಡಿಯುವ ಕಾಲ ಎಂದೂ ಬದಲಾಗದೆ ಅದೇ ಮಾದರಿಗಳ ನಡುವಣ ಅಂತರವಾಗುತ್ತಿತ್ತು. ಅದು ಜಾಣತನದ ಏರ್ಪಾಡೆಂದೇ ಹೇಳಬೇಕು.

ಕೊರತೆ ಇದ್ದದ್ದು ಬೇರೆ ಕಡೆ. ಗುಣಾಕಾರ ಮಾಡುವ ಪ್ರತ್ಯೇಕ ಯಂತ್ರಾಂಶ ಅದರಲ್ಲಿರಲಿಲ್ಲ. ಸಂಖ್ಯೆಯನ್ನು ಸರಿಸಿ ಕೂಡಿಸುವ ಅಥವಾ ಕಳೆಯುವ ಉಪಾಯದಿಂದಲೇ ಗುಣಾಕಾರವನ್ನು ಸಾಧಿಸಬೇಕಾಗಿತ್ತು. ೦.೮೭೫ರಿಂದ ಗುಣಿಸಬೇಕಾದರೆ ಸಂಖ್ಯೆಯಿಂದ ಅದರ ಎಂಟನೆಯ ಒಂದು ಭಾಗವನ್ನು ಕಳೆದರಾಯಿತು, ಎರಡೇ ಹೆಜ್ಜೆ. ಗುಣಾಂಕ ಅಷ್ಟು ಸೌಮ್ಯವಲ್ಲದಿದ್ದರೆ ಐದಾರು ಹೆಜ್ಜೆಗಳು ಬೇಕು; ಎರಡೂ ಸಂಖ್ಯೆಗಳು ಬದಲಾಗುವಂಥವಾದರೆ ಇನ್ನೂ ಹೆಚ್ಚು. ಇರುವ ೧೯೨ರಲ್ಲಿ ಇವೆಲ್ಲ ಹಿಡಿಯಬೇಕು. ೨೯೨೦ ಸೋತದ್ದಕ್ಕೆ ಚರಿತ್ರಕಾರರು ಸಾಮಾನ್ಯವಾಗಿ ಹೇಳುವ ಕಾರಣ ಇದೊಂದೇ. ನಮ್ಮ ಅಭಿಪ್ರಾಯದಲ್ಲಿ ಇಷ್ಟೇ ಗುರುತರವಾದ ಇನ್ನೊಂದು ಕಾರಣವೂ ಇದೆ. ಅದರ ಪರಿವರ್ತಕದ ಸೂಕ್ಷ್ಮತೆ ೯ ಬಿಟ್ಟು. ಒಂದೊಂದು ಬಿಟ್ಟಿಗೆ ಸುಮಾರು ೬ ಡೆಸಿಬೆಲ್ ಎಂದರೆ ಒಟ್ಟು ೫೪ ಡೆಸಿಬೆಲ್ಲುಗಳ ವ್ಯಾಪ್ತಿ. ದೂರವಾಣಿ ಜಾಲದ ೮ ಬಿಟ್ಟುಗಳ ಸಂಕೋಚಿತ ಸಂಕೇತಗಳೋ, ಪಿಸುಮಾತಿಗೂ ಕೂಗಿಗೂ ಸ್ಥಳ ಕೊಡುವ ಸಲುವಾಗಿ, ೧೩ ಅಥವಾ ೧೪ ಬಿಟ್ಟುಗಳ ಸಮಾನ ಹೆಜ್ಜೆಯ ಅಳತೆಗೆ ಸರಿಗಟ್ಟುವಂಥವು. ಭಾರತದಲ್ಲಿಯೂ ಯೂರೋಪಿನಲ್ಲಿಯೂ ಬಳಕೆಯಲ್ಲಿರುವ ಎ-ನಿಯಮದ ಪ್ರಕಾರ ಅದು ೧೩. ಒಳಗೆ ೨೫ ಬಿಟ್ಟುಗಳ ಐಶ್ವರ್ಯವಿದ್ದು, ಬಾಗಿಲಿನಲ್ಲಿ ೯ ಬಿಟ್ಟುಗಳ ದಾರಿದ್ರ್ಯವಿದ್ದರೆ ಆ ಐಶ್ವರ್ಯ ಯಾರ ಉಪಯೋಗಕ್ಕೆ?

ಜಪಾನಿನ ಎನ್.ಇ.ಸಿ. ಸಂಸ್ಥೆ ೧೯೮೦ರಲ್ಲಿ ಮುಂದಿಟ್ಟ ೭೭೨೦ ಈ ದೌರ್ಬಲ್ಯಗಳಿಂದ ಮುಕ್ತವಾಗಿತ್ತು. ೧೬ ಬಿಟ್ಟುಗಳ ಎರಡು ಸಂಖ್ಯೆಗಳನ್ನು ೨೫೦ ನ್ಯಾನೊಸೆಕೆಂಡಿನಲ್ಲಿ ಗುಣಿಸುತ್ತಿದ್ದ ಅದಕ್ಕೆ ಮಾದರಿಯೊಂದಕ್ಕೆ ೫೦೦ ಆದೇಶಗಳಷ್ಟು ಬಿಡುವಿತ್ತು. ಪ್ರೋಗ್ರಾಮು ಮಾತ್ರ ಚಿಪ್ಪಿನೊಳಗಣ ೫೧೨ ಪದಗಳಲ್ಲಿಯೇ ಅಡಗಬೇಕು. ಹೊರಗಿನಿಂದ ತರುವ ಹಾದಿ ಇರಲಿಲ್ಲ. (ಇದರ ಸಂತತಿಯ ಚಿಪ್ಪೊಂದು ೧೯೯೦ರ ಸುಮಾರಿಗೆ ನಿಂಟೆಂಡೊ ಆಟದ ಯಂತ್ರದ ಕೆಲವು ಕಾರ್ಟ್ರಿಜ್‌ಗಳಲ್ಲಿ, ಡಿ.ಎಸ್.ಪಿ.-೧ ಎಂಬ ಹೆಸರಿನಿಂದಲೇ, ಕೂಡಿಕೊಂಡಿತು. ಬೆಲ್ ಚಿಪ್ಪಿಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.)

ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆಯ ಟಿ.ಎಂ.ಎಸ್. ೩೨೦೧೦ರ ವಿವರವನ್ನು ಮಗರ್, ಕಾಡೆಲ್ ಮತ್ತು ಲೇ ಎಂಬವರು ೧೯೮೨ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ ಮಂಡಿಸಿದರು. ಬೀಸುವ ಕಲ್ಲು ಎಷ್ಟೇ ಬೇಗ ತಿರುಗಲಿ, ಕಾಳು ಹಾಕುವ ಕೈ ಅದಕ್ಕೆ ಸಮನಾಗಿರಬೇಕು. ಈ ಸಂಗತಿಯನ್ನು ಆ ಚಿಪ್ಪಿನ ನಿರ್ಮಾಪಕರು ಚೆನ್ನಾಗಿ ಅರಿತಿದ್ದರು. ಆದೇಶಗಳಿಗೂ ದತ್ತಾಂಶಗಳಿಗೂ ಬೇರೆ ಬೇರೆ ಹಾದಿಗಳನ್ನು ಇಡುವ ಹಾರ್ವರ್ಡ್ ಪದ್ಧತಿಯನ್ನು ಸ್ವಲ್ಪ ಮಾರ್ಪಡಿಸಿ ಅವರು ಬಳಸಿಕೊಂಡರು. ಎಲ್.ಟಿ.ಡಿ. ಎಂಬ ಒಂದೇ ಆದೇಶ ಹೊಸ ಮಾದರಿಯನ್ನು ಗುಣಾಕಾರಕ್ಕೆ ಒದಗಿಸಿ, ಹಿಂದಿನ ಗುಣಲಬ್ಧವನ್ನು ಮೊತ್ತಕ್ಕೆ ಸೇರಿಸಿ, ಆ ಮಾದರಿಯನ್ನು ಸ್ಮೃತಿಯ ಮುಂದಿನ ಮನೆಗೆ ಸರಿಸಿಯೂ ಬಿಡುತ್ತಿತ್ತು. ಎಲ್ಲವೂ ೨೦೦ ನ್ಯಾನೊಸೆಕೆಂಡಿನಲ್ಲಿ. ಇನ್ನೊಂದು ಆದೇಶದಿಂದ ಗುಣಾಕಾರ. ಹೀಗೆ ಫಿಲ್ಟರಿನ ಒಂದು ಘಟ್ಟಕ್ಕೆ ಎರಡು ಆದೇಶ. ಮಾದರಿಯೊಂದಕ್ಕೆ ೬೨೫ ಆದೇಶಗಳ ಅವಕಾಶ. ಆದುದರಿಂದ ೩೧೨ ಘಟ್ಟಗಳ ಫಿಲ್ಟರು ಸಾಧ್ಯ.

ಮಾಹಿತಿ ಪತ್ರದ ಮೊದಲ ಪುಟವನ್ನು ನಂಬಿದವನು ಇಲ್ಲಿಗೆ ನಿಲ್ಲುತ್ತಿದ್ದ. ಪುಟ ತಿರುವಿದವನಿಗೆ ಬೇರೆಯೇ ಸಂಖ್ಯೆ ಕಾಣುತ್ತಿತ್ತು. ಚಿಪ್ಪಿನೊಳಗಿನ ದತ್ತಾಂಶ ಸ್ಮೃತಿ ೧೪೪ ಪದಗಳು ಮಾತ್ರ. ಘಟ್ಟವೊಂದಕ್ಕೆ ಮಾದರಿಗೊಂದು, ಗುಣಾಂಕಕ್ಕೊಂದು ಮನೆ ಬೇಕಾದ್ದರಿಂದ ೭೨ಕ್ಕೆ ಎಲ್ಲವೂ ತುಂಬಿಹೋಗುತ್ತದೆ. ಕಾಲದ ಲೆಕ್ಕ ೩೧೨ ಎನ್ನುತ್ತದೆ, ಸ್ಥಳದ ಲೆಕ್ಕ ೭೨ ಎನ್ನುತ್ತದೆ. ಗುಣಾಂಕವನ್ನು ಆದೇಶದೊಳಗೇ ಹುದುಗಿಸುವ ಮಾರ್ಗವೊಂದಿತ್ತು. ಆಗ ಅದು ೧೩ ಬಿಟ್ಟುಗಳಿಗೆ ಇಳಿಯುತ್ತದೆ, ಮತ್ತು ಪ್ರೋಗ್ರಾಮು ನಡೆಯುತ್ತಿರುವಾಗ ಬದಲಾಗಲಾರದು. ಸ್ಥಿರವಾದ ಫಿಲ್ಟರಿಗೆ ಅದು ಸಾಕು.

ದೂರದ ಕರೆಗಳಲ್ಲಿ ತನ್ನ ಮಾತೇ ತನಗೆ ಮರುಕಳಿಸುವುದನ್ನು ತಡೆಯುವ ಪ್ರತಿಧ್ವನಿ ನಿವಾರಕಕ್ಕೆ ಅದು ಸಾಲದು. ಅಲ್ಲಿ ಗುಣಾಂಕಗಳು ಕ್ಷಣಕ್ಷಣಕ್ಕೂ ತಿದ್ದಲ್ಪಡುತ್ತಿರಬೇಕು. ೧೬ ಮಿಲಿಸೆಕೆಂಡಿನ ಪ್ರತಿಧ್ವನಿಗೆ ೧೨೮ ಘಟ್ಟಗಳು, ಅಂದರೆ ೨೫೬ ಪದಗಳು ಬೇಕು. ಗುಣಾಂಕಗಳನ್ನೆಲ್ಲ ಪ್ರೋಗ್ರಾಮಿನ ಸ್ಮೃತಿಯಲ್ಲಿಟ್ಟು ಒಂದೊಂದಾಗಿ ತರಿಸಿಕೊಳ್ಳುವುದಾದರೆ, ತರುವ ಆದೇಶಕ್ಕೇ ಮೂರು ಆವರ್ತಗಳು, ಘಟ್ಟವೊಂದಕ್ಕೆ ಐದು, ಒಟ್ಟು ೬೪೦. ಇರುವುದು ೬೨೫. ತಿದ್ದುವ ಕೆಲಸವನ್ನು ನಾವು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ!

ಫಲಕವನ್ನು ರಚಿಸುವವನಿಗೆ ಇನ್ನೊಂದು ತೊಡಕೂ ಇತ್ತು. ೩೨೦೧೦ ಹೊರಗಿನ ಸ್ಮೃತಿಯಿಂದ ೪೦೯೬ ಪದಗಳವರೆಗಿನ ಪ್ರೋಗ್ರಾಮನ್ನು ಪೂರ್ಣ ವೇಗದಲ್ಲಿ ನಡೆಸಬಲ್ಲದಾಗಿತ್ತು. ಬರೆದದ್ದನ್ನು ಆ ಕೂಡಲೇ ಪರೀಕ್ಷಿಸಿ ತಿದ್ದಬಹುದಾದ ಈ ಸೌಕರ್ಯವೇ ಅದರ ಜನಪ್ರಿಯತೆಗೆ ದೊಡ್ಡ ಕಾರಣವೆಂದು ನಾವು ತಿಳಿಯುತ್ತೇವೆ. ಆದರೆ ಆ ವೇಗಕ್ಕೆ ಸುಮಾರು ೧೦೦ ನ್ಯಾನೊಸೆಕೆಂಡಿನೊಳಗೆ ಉತ್ತರಿಸುವ ಸ್ಮೃತಿ ಬೇಕು. ಆ ಕಾಲದ ಸಾಧಾರಣ ಇಪ್ರಾಮುಗಳಿಗೆ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಕಾಲ ಹಿಡಿಯುತ್ತಿತ್ತು. ಪ್ರೊಸೆಸರಿನ ಬೆಲೆಯ ಪಕ್ಕದಲ್ಲಿ ವೇಗದ ಸ್ಮೃತಿಯ ಬೆಲೆಯನ್ನೂ ಬರೆದುಕೊಳ್ಳಬೇಕಾಗುತ್ತಿತ್ತು.

ಅದೇ ಸಂಸ್ಥೆಯ ಟಿ.ಎಂ.ಎಸ್. ೩೨೦೨೦ ಹೊರಬಂದದ್ದು ೧೯೮೫ರಲ್ಲಿ. ಆ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದ ವರ್ಷವೂ ಅದೇ. ಹೊಸ ಚಿಪ್ಪಿನ ಆವರ್ತ ಕಾಲ ಹಿಂದಿನಂತೆಯೇ ೨೦೦ ನ್ಯಾನೊಸೆಕೆಂಡು. ಬದಲಾದದ್ದು ಒಳಗಿನ ಸ್ಮೃತಿ: ೧೪೪ರ ಸ್ಥಾನದಲ್ಲಿ ೫೪೪ ಪದಗಳು, ಅವುಗಳಲ್ಲಿ ೨೫೬ನ್ನು ಬೇಕಾದಾಗ ಪ್ರೋಗ್ರಾಮಿನ ಸ್ಮೃತಿಯಾಗಿ ತಿರುಗಿಸಿಕೊಳ್ಳುವ ಅನುಕೂಲ. ಗುಣಾಂಕಗಳನ್ನು ಅಲ್ಲಿಟ್ಟು, ಪುನರಾವರ್ತನೆಯ ಆದೇಶದ ಜೊತೆಗೆ ಎಂ.ಎ.ಸಿ.ಡಿ. ಎಂಬ ಆದೇಶವನ್ನು ಬಳಸಿದರೆ ಘಟ್ಟವೊಂದಕ್ಕೆ ಒಂದೇ ಆವರ್ತ ಸಾಕಾಗುತ್ತಿತ್ತು. ೧೨೮ ಘಟ್ಟಗಳು ೨೫.೬ ಮೈಕ್ರೊಸೆಕೆಂಡಿನಲ್ಲಿ ಮುಗಿದು, ಉಳಿದ ಸುಮಾರು ನೂರು ಮೈಕ್ರೊಸೆಕೆಂಡು ಗುಣಾಂಕಗಳನ್ನು ತಿದ್ದುವುದಕ್ಕೆ ದೊರೆಯಿತು. ೧೨೮ ಘಟ್ಟಗಳ ಪ್ರತಿಧ್ವನಿ ನಿವಾರಕವನ್ನು ಆ ಒಂದೇ ಚಿಪ್ಪಿನಲ್ಲಿ ರಚಿಸುವ ವಿಧಾನವನ್ನು ಡೇವಿಡ್ ಮೆಸ್ಸರ್‌ಸ್ಮಿಟ್ ಮತ್ತು ಅವರ ಸಂಗಡಿಗರು ಸ್ವಲ್ಪ ಕಾಲದಲ್ಲಿಯೇ ಪ್ರಕಟಿಸಿದರು.