ಪರಿಹಾರದ ಲೆಕ್ಕಕ್ಕೆ ಬಾರದ ಖರ್ಚು

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು, ಆದರೆ ಒಂದು ತಕರಾರನ್ನು ಬರೆದಿಟ್ಟೇ ಸೇರಿತು. ಅಕ್ರಮ ಬಂಧನಕ್ಕೆ ಗುರಿಯಾದವರು ಸರಕಾರದಿಂದ ಪರಿಹಾರ ವಸೂಲು ಮಾಡುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ ಎಂಬುದು ಅದರ ಸಾರ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸುಪ್ರೀಂ ಕೋರ್ಟು ಬೇರೆಯೇ ದಾರಿ ಹಿಡಿಯಿತು. ಬಿಹಾರದ ರುದುಲ್ ಸಾಹ್ 1968ರಲ್ಲೇ ನಿರ್ದೋಷಿಯೆಂದು ತೀರ್ಪಾಗಿದ್ದರೂ 1982ರವರೆಗೆ ಜೈಲಿನಲ್ಲೇ ಕೊಳೆತಿದ್ದ. 1983ರಲ್ಲಿ ಅವನಿಗೆ ಒಟ್ಟು 35,000 ರೂಪಾಯಿ ಕೊಡಿಸಲಾಯಿತು. ಹದಿನಾಲ್ಕು ವರ್ಷದ ಬದುಕಿಗೆ ಅದು ಪುಡಿಗಾಸು. ಆದರೂ ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ ಬಿಡುಗಡೆಯ ಜೊತೆಗೆ ಹಣವನ್ನೂ ಕೇಳಬಹುದೆಂಬ ಬಾಗಿಲು ತೆರೆದದ್ದು ಅಲ್ಲಿಂದ.

ಮರುವರ್ಷದ ಮಣಿಪುರದ ಪ್ರಕರಣ ನನ್ನ ಮಟ್ಟಿಗೆ ಇನ್ನೂ ಮುಖ್ಯ. ಸೇನೆ ಕರೆದೊಯ್ದ ಇಬ್ಬರು ಗಂಡಸರು ಮರಳಿ ಬರಲೇ ಇಲ್ಲ. ಅವರ ಹೆಂಡಂದಿರಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟು ಆದೇಶಿಸಿತು. ಪರಿಹಾರವೆಂದಲ್ಲ, ದಂಡರೂಪದ ವ್ಯಾಜ್ಯ ವೆಚ್ಚವೆಂದು. ಅಂದರೆ ಈ ನ್ಯಾಯಶಾಸ್ತ್ರ ಕಣ್ಣು ಬಿಡುವ ಹೊತ್ತಿಗೆ ಪರಿಹಾರ ಮತ್ತು ಕೋರ್ಟು ಖರ್ಚು ಎರಡೂ ಒಂದೇ ಕಲಮಿನಲ್ಲಿದ್ದವು. 1993ರ ನೀಲಾಬತಿ ಬೆಹೆರಾ ತೀರ್ಪು ಅವನ್ನು ಬೇರ್ಪಡಿಸಿತು. ಒಡಿಶಾದಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ ಮಗನಿಗಾಗಿ ತಾಯಿ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, ಆಕೆಗೆ 1,50,000 ರೂಪಾಯಿ, ವಕೀಲಿ ನೆರವು ಕೊಟ್ಟ ಸುಪ್ರೀಂ ಕೋರ್ಟ್ ಕಾನೂನು ನೆರವು ಸಮಿತಿಗೆ 10,000 ರೂಪಾಯಿ ಎಂದು ಬರೆಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ನಷ್ಟ ಬೇರೆ, ಖರ್ಚು ಬೇರೆ ಎಂದು ಲೆಕ್ಕ ಹಾಕುವುದೂ ಹೀಗೆಯೇ. ನಮ್ಮಲ್ಲಿ ಆ ಎರಡನೆಯ ಸಾಲು ಬೆಳೆಯಲಿಲ್ಲ.

ಅದೇ 1993ರ ಸೆಪ್ಟೆಂಬರಿನಲ್ಲಿ ಮಾನವ ಹಕ್ಕುಗಳ ರಕ್ಷಣಾ ಕಾನೂನು ಬಂತು. ಅದರಡಿ ರಚನೆಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಬಂದ ದೂರನ್ನೂ ರಾಷ್ಟ್ರೀಯ ಆಯೋಗ ಸ್ವೀಕರಿಸಬಹುದಾದ್ದರಿಂದ ಮಹಾರಾಷ್ಟ್ರದ ಜತ್ತ ತಾಲೂಕಿನ ಅಸಂಗಿಯ ರೈತ ಕನ್ನಡದಲ್ಲೇ ಬರೆದು ದೆಹಲಿಗೆ ಕಳಿಸಬಹುದು. ಕಾಗದದ ಮೇಲೆ ಇದು ಪುಕ್ಕಟೆ. ಆದರೆ ಅವನ ರಾಜ್ಯ ಆಯೋಗ ಕೂತಿರುವುದು ಮುಂಬೈಯಲ್ಲಿ. ವಿಚಾರಣೆಗೆ ಬಾ ಎಂದರೆ ಬಸ್ಸಿನ ಚಾರ್ಜು, ಎರಡು ದಿನದ ಕೂಲಿ, ಮರಾಠಿ ಬಲ್ಲ ಒಬ್ಬ ಜೊತೆಗಾರ ಎಲ್ಲವೂ ಅವನ ಕೈಯಿಂದಲೇ.

ಗಡಿನಾಡಿನ ಕನ್ನಡಿಗರು ಈ ಖರ್ಚಿನ ಭಾರವನ್ನು ಅತಿ ಕಠೋರವಾಗಿ ಕಂಡದ್ದು ಕೃಷ್ಣೆಯ ಬಯಲಿನಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ. ವೀರಪ್ಪನ್ ಬೇಟೆಗೆಂದು ಕರ್ನಾಟಕ, ತಮಿಳುನಾಡು ಕಟ್ಟಿದ ವಿಶೇಷ ಕಾರ್ಯಪಡೆಗಳು 1990ರ ದಶಕದಲ್ಲಿ ಅಲ್ಲಿನ ಬುಡಕಟ್ಟಿನ ಸೋಲಿಗರನ್ನೂ ಇತರ ಹಳ್ಳಿಗರನ್ನೂ ಹಿಡಿದೊಯ್ದು ಹಿಂಸಿಸಿದವೆಂಬ ದೂರುಗಳಿದ್ದವು. ಬೆಟ್ಟದ ಶಿಬಿರದ ಚಿತ್ರಹಿಂಸೆಯ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರು ನಿಂತಿತು. ದೇಹಕ್ಕೆ ಕರೆಂಟ್ ಕೊಟ್ಟರೆಂಬ ಹೇಳಿಕೆಗಳು ಮತ್ತೆ ಮತ್ತೆ ಬರುತ್ತವೆ. ಭಯೋತ್ಪಾದನೆ ತಡೆ ಕಾನೂನಾದ ಟಾಡಾ ಹೇರಿಸಿಕೊಂಡು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕಳೆದವರಲ್ಲಿ ಹೆಚ್ಚಿನವರು 2001ರಲ್ಲಿ ನಿರಪರಾಧಿಗಳೆಂದು ಹೊರಬಂದರು.

ಈ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಸಮಿತಿ ಗೋಬಿಚೆಟ್ಟಿಪಾಳಯದಲ್ಲೂ ಬೆಟ್ಟದಲ್ಲೂ ಕೂತು ಸಾಕ್ಷ್ಯ ಕೇಳಿತು. ಊರ ಬಳಿಗೇ ಬಂದು ಕೇಳಿದ್ದು ದೊಡ್ಡ ಉಪಕಾರವೇ. ಆದರೂ ಸೋಲಿಗರ ಹಾಡಿಯಾದ ಪೋಡಿನಿಂದ ಇಳಿದು ಬಂದವರು ಆ ದಿನದ ಕೂಲಿ ಬಿಟ್ಟು ಬಂದವರು. ಹಿಂದೆ ತಮ್ಮನ್ನು ಎಳೆದೊಯ್ದ ಖಾಕಿಯ ಭಯವನ್ನು ಹೊತ್ತೇ ಬಂದವರು. ನಡುವೆ ಹೈಕೋರ್ಟಿನ ತಡೆಯಾಜ್ಞೆಯಿಂದ ಕೆಲಸ ನಿಂತು, ವರದಿ ಸಲ್ಲಿಕೆಯಾಗುವಾಗ 2003ರ ಡಿಸೆಂಬರ್. ಅದರ ಆಧಾರದ ಮೇಲೆ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಕೊಡಿ ಎಂದು ಆಯೋಗ ಹೇಳಿದ್ದು 2007ರ ಜನವರಿಯಲ್ಲಿ.

ಭಾಗಿಸಿದರೆ ತಲಾ ಸುಮಾರು ಮೂರು ಲಕ್ಷದ ಹದಿನೈದು ಸಾವಿರ. ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ ಮೇಲೆ ತಮಿಳುನಾಡು ಸರಕಾರ ತನ್ನ ಕಾರ್ಯಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂಪಾಯಿ, ನಿವೇಶನ, ಬಡ್ತಿ ಘೋಷಿಸಿತು. ಬಹುಮಾನಕ್ಕೆ ಸಾಕ್ಷ್ಯ ಬೇಕಾಗಲಿಲ್ಲ, ತಡೆಯಾಜ್ಞೆ ಅಡ್ಡ ಬರಲಿಲ್ಲ.

ಮಾನವ ಹಕ್ಕುಗಳ ರಕ್ಷಣಾ ಕಾನೂನಿನ 18ನೆಯ ಕಲಮಿನಂತೆ ಆಯೋಗ ಮಾಡುವುದು ಶಿಫಾರಸು ಮಾತ್ರ. ಅದು ಸರಕಾರವನ್ನು ಕಟ್ಟಿಹಾಕುತ್ತದೆಯೇ ಎಂಬ ಜಗ್ಗಾಟ ಬಹುಕಾಲ ನಡೆಯಿತು. ಕಟ್ಟಿಹಾಕುತ್ತದೆ ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿತು. ಪರಿಶಿಷ್ಟ ವರ್ಗದವರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುವುದೇನೋ ನಿಜ. ಅದು ವಕೀಲರ ಫೀಜಿನ ಮಾತಾಯಿತು. ಕಳೆದ ಕೂಲಿ, ಓಡಾಟ, ಆಸ್ಪತ್ರೆ ಚೀಟಿಯ ನಕಲು, ವರ್ಷಗಟ್ಟಲೆ ಕಡತ ಹಿಡಿದು ಅಲೆದ ಹಕ್ಕು ಸಂಘಟನೆಗಳ ವೆಚ್ಚ, ಇವುಗಳಿಗೆ ಪರಿಹಾರದ ಮೊತ್ತದೊಳಗೇ ಜಾಗ ಮಾಡಿಕೊಳ್ಳಬೇಕು. ಸಂತ್ರಸ್ತನ ಗಾಯದ ಹಣದಿಂದಲೇ ಅವನ ಹೋರಾಟದ ಖರ್ಚು ತೀರುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ತಮಿಳುನಾಡಿನ ಧರ್ಮಪುರಿಯ ವಾಚಾತಿಯಲ್ಲಿ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ದಾಳಿಯಿಟ್ಟು 18 ಮಹಿಳೆಯರ ಮೇಲೆ ಅತ್ಯಾಚಾರವೆಸಗಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು 2023ರ ಸೆಪ್ಟೆಂಬರ್ 29ರಂದು ಆ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಕೊಡಿಸಿತು, ಅರ್ಧ ಹಣವನ್ನು ಅಪರಾಧಿಗಳಿಂದಲೇ ವಸೂಲು ಮಾಡಬೇಕೆಂದಿತು. ಖರ್ಚನ್ನೂ ಹೀಗೆ ತಪ್ಪಿತಸ್ಥರ ತಲೆಗೆ ಕಟ್ಟಬೇಕಿದ್ದರೆ ಹೊಸ ಕಾನೂನೇನೂ ಬೇಕಿಲ್ಲ, 1984ರ ಮಣಿಪುರದ ಆದೇಶ ಕಡತದಲ್ಲಿದೆ.